ಪಿಲ್ಲರಿನ ಒಳಗನ್ನು ಶಬ್ದದಿಂದ ನೋಡುವುದು

ಕಾಂಕ್ರೀಟನ್ನು ಒಡೆಯದೆ, ಅದರ ಒಳಗೆ ಹೇಗಿದೆ ಅಂತ ಪರೀಕ್ಷೆ ಮಾಡುವುದು ನನ್ನ ಕೆಲಸ. ಪಿಲ್ಲರಿನ ಒಂದು ಬದಿಯಿಂದ ಶಬ್ದ ಬಿಡುತ್ತೇನೆ. ಎದುರು ಬದಿ ಮುಟ್ಟಲು ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತೇನೆ. ಸೈಟಿನಲ್ಲಿ ಇದಕ್ಕೆ ಯುಪಿವಿ (ಅಲ್ಟ್ರಾಸಾನಿಕ್ ಪಲ್ಸ್ ವೆಲಾಸಿಟಿ) ಟೆಸ್ಟ್ ಅನ್ನುತ್ತಾರೆ. ಶಬ್ದ ಅಂದರೂ ಇದು ನಮಗೆ ಕೇಳಿಸುವುದಿಲ್ಲ. ಶಬ್ದ ಬಿಡುವ, ಹಿಡಿಯುವ ನನ್ನ ಪ್ರೋಬುಗಳು 54 ಕಿಲೋಹರ್ಟ್ಸ್‌ನವು, ಮನುಷ್ಯನ ಕಿವಿ 20ಕ್ಕೇ ನಿಲ್ಲುತ್ತದೆ.

ಕೆಲಸ ಕಲಿಯಲು ಬರುವ ಹುಡುಗರು ಸಾಮಾನ್ಯವಾಗಿ ಒಂದು ಮಾತು ಕೇಳುತ್ತಾರೆ: "ಸಾರ್, ವಸ್ತು ಭಾರ ಇದ್ದಷ್ಟೂ ಶಬ್ದ ಜೋರಾಗಿ ಓಡುತ್ತೆ ಅಲ್ವಾ?" ಹಾಗೆ ಕಾಣುವುದು ಸಹಜ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ನೀರಿನಲ್ಲಿ ಸುಮಾರು 1,480, ಉಕ್ಕಿನಲ್ಲಿ 5,900. ಆದರೆ ಸೀಸ ಉಕ್ಕಿಗಿಂತ ಭಾರ, ಅದರಲ್ಲಿ ವೇಗ ಬರೀ 2 ಕಿಲೋಮೀಟರಿನ ಆಸುಪಾಸು. ಭಾರ ಶಬ್ದವನ್ನು ನಿಧಾನ ಮಾಡುತ್ತದೆ. ಓಡಿಸುವುದು ವಸ್ತುವಿನ ಬಿಗಿ. ಒಂದು ಕಣವನ್ನು ತಳ್ಳಿದರೆ ಅದು ಪಕ್ಕದ ಕಣವನ್ನು ಎಷ್ಟು ಬೇಗ ತಳ್ಳುತ್ತದೆ ಅನ್ನುವುದೇ ಲೆಕ್ಕ. ಉಕ್ಕು ಭಾರವೂ ಹೌದು, ಆದರೆ ಅದರ ಬಿಗಿ ಭಾರವನ್ನು ಮೀರಿದ್ದು. ನನ್ನ ಇಡೀ ಪರೀಕ್ಷೆ ನಿಂತಿರುವುದು ಈ ಒಂದು ವಿಷಯದ ಮೇಲೆ. ಚೆನ್ನಾಗಿ ಕೂತ ಕಾಂಕ್ರೀಟ್ ಬಿಗಿ ಇರುತ್ತದೆ, ಅದರಲ್ಲಿ ಶಬ್ದ ಬೇಗ ದಾಟುತ್ತದೆ.

ಪರೀಕ್ಷೆ ಶುರು ಮಾಡುವ ಮುಂಚೆ ಮಿಷಿನ್ ಜೊತೆ ಬರುವ ಸರಳಿನ ಮೇಲೆ ಪ್ರೋಬ್ ಇಟ್ಟು, ಅದರ ಮೇಲೆ ಬರೆದ ಸಮಯವೇ ಬರುತ್ತಿದೆಯಾ ನೋಡುತ್ತೇನೆ. ಆಮೇಲೆ ಪಿಲ್ಲರಿನ ಪ್ಲಾಸ್ಟರ್ ತೆಗೆಸುತ್ತೇನೆ. ಇದಕ್ಕೆ ಮನೆಯವರು ಒಪ್ಪುವುದು ಕಷ್ಟ. ಆದರೂ ಬಿಡುವುದಿಲ್ಲ. ಪ್ಲಾಸ್ಟರ್ ಹಿಂದೆ ಟೊಳ್ಳಿದ್ದರೆ ಶಬ್ದ ಅಲ್ಲೇ ನಿಂತುಬಿಡುತ್ತದೆ. ಮೇಲ್ಮೈಯನ್ನು ಕಲ್ಲಿನಿಂದ ಉಜ್ಜಿ, ಧೂಳು ಒರೆಸಿ, ಪ್ರೋಬಿಗೆ ಗ್ರೀಸ್ ಹಚ್ಚುತ್ತೇನೆ. ಗ್ರೀಸ್ ಯಾಕೆ ಅಂದರೆ ನಡುವೆ ಗಾಳಿ ಉಳಿಯಬಾರದು ಅಂತ. ಕಾಂಕ್ರೀಟಿನಿಂದ ಗಾಳಿಗೆ ದಾಟುವ ಕಡೆ ಶಬ್ದದ ಶಕ್ತಿಯಲ್ಲಿ ನೂರಕ್ಕೆ 99.9 ಭಾಗಕ್ಕಿಂತ ಜಾಸ್ತಿ ವಾಪಸ್ ತಿರುಗುತ್ತದೆ. ಕೂದಲೆಳೆಯಷ್ಟು ಗಾಳಿ ಇದ್ದರೂ ಸಾಕು, ರೀಡಿಂಗ್ ಕುಣಿಯುತ್ತದೆ.

ಪಿಲ್ಲರ್ 300 ಮಿಲಿಮೀಟರ್ ದಪ್ಪ ಅಂದುಕೊಳ್ಳಿ. 72 ಮೈಕ್ರೊಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ ಸುಮಾರು 4.17 ಕಿಲೋಮೀಟರ್. ನಾನು ಕಲಿತದ್ದು 1992ರ ಐಎಸ್ 13311 ಅನ್ನುವ ಭಾರತೀಯ ಮಾನದಂಡದ ಪಟ್ಟಿಯಲ್ಲಿ. 4.5ಕ್ಕಿಂತ ಮೇಲೆ ಬಹಳ ಚೆನ್ನ, 3.5ರಿಂದ 4.5 ಚೆನ್ನ, 3ರಿಂದ 3.5 ಸಾಧಾರಣ, 3ಕ್ಕಿಂತ ಕೆಳಗೆ ಸಂಶಯ ಅಂತ ಅದರಲ್ಲಿತ್ತು. 2018ರಲ್ಲಿ ಈ ಪರೀಕ್ಷೆಯನ್ನು ಐಎಸ್ 516ರ ಐದನೇ ಭಾಗಕ್ಕೆ ಸೇರಿಸಿದರು. ಅದೇ ಪಿಲ್ಲರಿನ ಬುಡದಲ್ಲಿ 104 ಮೈಕ್ರೊಸೆಕೆಂಡ್ ಬಂದರೆ ವೇಗ 2.88ಕ್ಕೆ ಇಳಿಯಿತು. ಪಿಲ್ಲರಿನ ಬುಡದಲ್ಲಿ ಹೀಗಾಗುವುದು ಜಾಸ್ತಿ. ಮೇಲಿನಿಂದ ಕಾಂಕ್ರೀಟ್ ಸುರಿದಾಗ ಜಲ್ಲಿ ಬೇರೆ, ಸಿಮೆಂಟ್ ಹಾಲು ಬೇರೆ ಆಗುತ್ತದೆ. ವೈಬ್ರೇಟರ್ ಬುಡದವರೆಗೆ ಹೋಗಿರುವುದಿಲ್ಲ. ಒಳಗೆ ಹನಿಕೋಂಬ್, ಅಂದರೆ ಜೇನುಗೂಡಿನಂಥ ಟೊಳ್ಳು ಉಳಿಯುತ್ತದೆ. ಶಬ್ದ ಆ ಖಾಲಿ ಜಾಗ ದಾಟಲಾರದೆ ಸುತ್ತು ಹಾಕಿಕೊಂಡು ಬರುತ್ತದೆ, ಅದಕ್ಕೇ ತಡ. ಒಂದೇ ಬಿಂದುವಿನ ರೀಡಿಂಗ್ ನೋಡಿ ನಾನು ಏನೂ ಹೇಳುವುದಿಲ್ಲ. ಚೌಕಗಳನ್ನು ಗೀಚಿ, ಬುಡದಿಂದ ತಲೆಯವರೆಗೆ ರೀಡಿಂಗ್ ತೆಗೆದು, ವೇಗ ಎಲ್ಲಿ ಕುಸಿಯುತ್ತದೆ ಅಂತ ಗುರುತು ಮಾಡುತ್ತೇನೆ.

54 ಕಿಲೋಹರ್ಟ್ಸೇ ಯಾಕೆ ಅಂತಲೂ ಕೇಳುತ್ತಾರೆ. ಉಕ್ಕಿನ ವೆಲ್ಡಿಂಗ್ ಪರೀಕ್ಷಿಸುವವರು 2ರಿಂದ 4 ಮೆಗಾಹರ್ಟ್ಸ್ ಬಳಸುತ್ತಾರೆ. 4 ಮೆಗಾಹರ್ಟ್ಸ್ ಅಲೆ ಉಕ್ಕಿನಲ್ಲಿ ಒಂದೂವರೆ ಮಿಲಿಮೀಟರ್ ಉದ್ದ, ಸಣ್ಣ ಬಿರುಕೂ ಸಿಗುತ್ತದೆ. ಅದನ್ನೇ ಕಾಂಕ್ರೀಟಿಗೆ ಬಿಟ್ಟರೆ 20 ಮಿಲಿಮೀಟರಿನ ಒಂದೊಂದು ಜಲ್ಲಿಗೂ ಬಡಿದು ಚದುರಿಹೋಗುತ್ತದೆ, ಆಚೆಗೆ ಏನೂ ಬರುವುದಿಲ್ಲ. ನನ್ನ ಅಲೆ ಕಾಂಕ್ರೀಟಿನಲ್ಲಿ ಸುಮಾರು 74 ಮಿಲಿಮೀಟರ್ ಉದ್ದ. ಜಲ್ಲಿಗಿಂತ ಬಹಳ ಉದ್ದ ಇರುವುದರಿಂದ ಅಷ್ಟಾಗಿ ಚದುರದೆ ದಾಟಿ ಹೋಗುತ್ತದೆ. ಬದಲಿಗೆ ಸಣ್ಣ ದೋಷ ಅದಕ್ಕೆ ಕಾಣುವುದಿಲ್ಲ.

ಮೋಸ ಮಾಡುವ ಎರಡು ಸಂಗತಿಗಳಿವೆ. ಒಂದು ಕಂಬಿ. ಶಬ್ದ ಹೋಗುವ ದಾರಿಯ ಗುಂಟ ಕಂಬಿ ಇದ್ದರೆ ಅದು ಕಂಬಿಯನ್ನೇ ಹಿಡಿದು ಬೇಗ ಬಂದುಬಿಡುತ್ತದೆ. ಕೆಟ್ಟ ಕಾಂಕ್ರೀಟ್ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಮೊದಲು ರೀಬಾರ್ ಲೊಕೇಟರ್ ಓಡಿಸಿ, ಕಂಬಿ ಇಲ್ಲದ ಜಾಗ ಹುಡುಕುತ್ತೇನೆ.

ಇನ್ನೊಂದು ನೀರು, ಅದು ಇನ್ನೂ ಕಷ್ಟ. ಸಂಪಿನ ಗೋಡೆಯ ಬಿರುಕಿನಲ್ಲಿ ನೀರು ತುಂಬಿದ್ದರೆ ಶಬ್ದಕ್ಕೆ ಅಲ್ಲಿ ಸೇತುವೆ ಸಿಕ್ಕಂತೆ. 0.2 ಮಿಲಿಮೀಟರ್ ಬಿರುಕು ದಾಟಲು ಅದಕ್ಕೆ 0.14 ಮೈಕ್ರೊಸೆಕೆಂಡ್ ಕೂಡ ಬೇಡ. ಮಿಷಿನ್‌ಗೆ ಬಿರುಕು ಇರುವುದೇ ಗೊತ್ತಾಗುವುದಿಲ್ಲ. ಅದೇ ಬಿರುಕು ಒಣಗಿದ್ದರೆ ಸಮಯ ಎದ್ದು ಕಾಣುತ್ತದೆ. ಹಾಗಾಗಿ ಸಂಪು ಖಾಲಿ ಮಾಡಿ ಒಣಗಲು ಬಿಡಿ, ಆಮೇಲೆ ಬರುತ್ತೇನೆ ಅನ್ನುತ್ತೇನೆ. ಸೋರಿಕೆ ಇರುವ ಬೇಸ್‌ಮೆಂಟ್ ಪಿಲ್ಲರುಗಳಲ್ಲೂ ಹಸಿ ಕಾಂಕ್ರೀಟಿನ ವೇಗ ಸ್ವಲ್ಪ ಜಾಸ್ತಿ ಬರುತ್ತದೆ. ರಿಪೋರ್ಟಿನಲ್ಲಿ ಹಸಿಯೋ ಒಣಗಿದೆಯೋ ಅಂತ ತಪ್ಪದೆ ಬರೆಯುತ್ತೇನೆ.

ಕೊನೆಗೆ ಎಲ್ಲರೂ ಕೇಳುವುದು ಒಂದೇ: "ಹಾಗಾದ್ರೆ ಇದು ಎಂ 25 ಹೌದಾ ಅಲ್ವಾ?" ಎಂ 25 ಅನ್ನುವುದು ಕಾಂಕ್ರೀಟಿನ ಶಕ್ತಿಯ ದರ್ಜೆ, ವೇಗ ನೋಡಿ ಅದನ್ನು ಹೇಳಲು ಬರುವುದಿಲ್ಲ. ಶಬ್ದ ಜಲ್ಲಿಯೊಳಗೂ ಹಾದು ಬರುತ್ತದೆ. ಗ್ರಾನೈಟ್ ಜಲ್ಲಿ ಜಾಸ್ತಿ ಇದ್ದರೆ, ಸಿಮೆಂಟ್ ಪೇಸ್ಟ್ ಸಾಧಾರಣವಾಗಿದ್ದರೂ ವೇಗ ಚೆನ್ನಾಗೇ ಬರಬಹುದು. ಶಕ್ತಿ ಗೊತ್ತಾಗಬೇಕೆಂದರೆ ಕೋರ್, ಅಂದರೆ ಕಾಂಕ್ರೀಟನ್ನು ಕೊರೆದು ಒಂದು ತುಂಡು ತೆಗೆದು, ಲ್ಯಾಬಿನಲ್ಲಿ ಒತ್ತಿ ನೋಡಬೇಕು. ಕೋರ್ ಎಲ್ಲಿ ತೆಗೆಯಬೇಕು ಅಂತ ನಾನು ತೋರಿಸುತ್ತೇನೆ: ವೇಗ ಚೆನ್ನಾಗಿರುವ ಕಡೆ ಒಂದು, ಕುಸಿದ ಕಡೆ ಇನ್ನೊಂದು. ಎರಡನ್ನೂ ಒತ್ತಿ ಬಂದ ಅಂಕಿಗಳನ್ನು ನನ್ನ ವೇಗಗಳ ಪಕ್ಕ ಬರೆದ ಮೇಲೆಯೇ ರಿಪೋರ್ಟಿಗೆ ಸಹಿ ಹಾಕುತ್ತೇನೆ.