ಮಕ್ಕಳ ಆರ್ಕೆಸ್ಟ್ರಾಗೆ ಹೊಸ ಕೃತಿ ಬೇಕೇ? ಸಂಯೋಜಕರನ್ನು ಕರೆಯುವುದು ಹೀಗೆ

ನ್ಯೂಯಾರ್ಕ್ ಯೂತ್ ಸಿಂಫನಿ ಶುರುವಾದದ್ದು 1963ರಲ್ಲಿ. 1984ರಿಂದ ಅದು ‘ಫಸ್ಟ್ ಮ್ಯೂಸಿಕ್’ ಎಂಬ ಯೋಜನೆಯಡಿ ಎಳೆಯ ಸಂಗೀತ ಸಂಯೋಜಕರಿಂದ ಹೊಸ ಕೃತಿಗಳನ್ನು ಬರೆಸುತ್ತಿದೆ. ಅಲ್ಲಿನ ಹುಡುಗ ಹುಡುಗಿಯರು ಯಾರೂ ಕೇಳಿರದ ಸಂಗೀತವನ್ನು ಮೊದಲ ಸಲ ನುಡಿಸುತ್ತಾರೆ. ಬರೆದವರೂ ರಿಹರ್ಸಲ್‌ಗೆ ಬರಬಹುದು. ಬೀಥೋವನ್‌ನನ್ನು ‘ಇಲ್ಲಿ ಜೋರಾಗಿ ನುಡಿಸಬೇಕಾ?’ ಅಂತ ಕೇಳೋಕಾಗಲ್ಲ, ಅಲ್ವಾ? ಇವರನ್ನು ಕೇಳಬಹುದು. ಪ್ರತಿ ಯುವ ಆರ್ಕೆಸ್ಟ್ರಾಗೂ ಈ ಅನುಭವ ಒಮ್ಮೆಯಾದರೂ ಸಿಗಬೇಕು. ಅದಕ್ಕೆ ಸಂಯೋಜಕರಿಂದ ಅರ್ಜಿ ಕರೆಯುವ ಪ್ರಕಟಣೆ ಹೊರಡಿಸುವ ಕ್ರಮ ಇಲ್ಲಿದೆ.

1. ನುಡಿಸುವವರು ಯಾರೆಂದು ಬಿಡಿಸಿ ಬರೆಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಸಾಮಾನ್ಯವಾಗಿ ಪ್ರಕಟಣೆಯಲ್ಲಿ 2.2.2.2 – 4.2.3.1 ಅಂತ ಒಂದು ಸಾಲು ಇರುತ್ತದೆ. ಎರಡೆರಡು ಫ್ಲೂಟ್, ಓಬೊ, ಕ್ಲಾರಿನೆಟ್, ಬಸೂನ್; ನಾಲ್ಕು ಹಾರ್ನ್, ಎರಡು ಟ್ರಂಪೆಟ್, ಮೂರು ಟ್ರಾಂಬೋನ್, ಒಂದು ಟ್ಯೂಬಾ ಅಂತ ಅರ್ಥ. ವೃತ್ತಿಪರ ತಂಡಕ್ಕೆ ಇಷ್ಟು ಸಾಕು. ಮಕ್ಕಳ ತಂಡಕ್ಕೆ ಸಾಲದು. ಅಲ್ಲಿ ಫ್ಲೂಟ್‌ನವರು ಜಾಸ್ತಿ, ವಯೋಲಾ ಮತ್ತು ಬಸೂನ್‌ನವರು ಸಿಗುವುದೇ ಕಷ್ಟ.

ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿ. ‘ಫ್ಲೂಟ್ ಎಂಟು ಜನ. ಓಬೊ ಒಬ್ಬನೇ, ಈ ವರ್ಷ ಸೇರಿದವನು. ಅವನ ಮುಖ್ಯ ಸಾಲುಗಳನ್ನು ಕ್ಲಾರಿನೆಟ್‌ಗೂ ಕೊಡಿ. ಬಸೂನ್ ಇಲ್ಲ. ಎರಡನೇ ವಯಲಿನ್‌ನವರು ಕೈ ಮೇಲಕ್ಕೆ ಸರಿಸಿ ನುಡಿಸುವ ಮೂರನೇ ಪೊಸಿಷನ್ ಈಗಷ್ಟೇ ಕಲಿಯುತ್ತಿದ್ದಾರೆ. ನಾಲ್ಕು ಹಾರ್ನ್ ಇವೆ, ಎತ್ತರದ ಸ್ವರಗಳನ್ನು ನಂಬಿ ಕೊಡಬಹುದಾದದ್ದು ಒಬ್ಬಳಿಗೆ ಮಾತ್ರ. ಡ್ರಮ್ಮು, ಗಂಟೆ ಬಾರಿಸಲು ಐದು ಮಂದಿ ಕಾಯುತ್ತಿದ್ದಾರೆ.’ ಇದನ್ನು ಓದಿದ ಸಂಯೋಜಕರ ಕಣ್ಣ ಮುಂದೆ ನಿಮ್ಮ ತಂಡ ಬಂದು ಕೂರುತ್ತದೆ. ಜೊತೆಗೆ ಮಕ್ಕಳು ಯಾವ ಗ್ರೇಡ್ ಪರೀಕ್ಷೆ ಮುಗಿಸಿದ್ದಾರೆ ಅಂತಲೂ ಬರೆಯಿರಿ. ತಂಡದ ಒಂದು ಧ್ವನಿಮುದ್ರಣ ಸೇರಿಸಿದರೆ ಇನ್ನೂ ಒಳ್ಳೆಯದು.

ಮಕ್ಕಳ ಮಿತಿ ತಿಳಿದು ಬರೆದರೆ ಕೃತಿ ಸಪ್ಪೆಯಾಗುತ್ತದೆ ಎಂಬ ಭಯ ಬೇಡ. ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ ಬೈಬಲಿನ ನೋವಾನ ಪ್ರಳಯದ ಕಥೆಯ ಮೇಲೆ ಬರೆದ ಆಪೆರಾ 1958ರಲ್ಲಿ ಇಂಗ್ಲೆಂಡಿನ ಆರ್ಫರ್ಡ್ ಚರ್ಚಿನಲ್ಲಿ ಮೊದಲು ಪ್ರದರ್ಶನವಾಯಿತು. ಅದರಲ್ಲಿ ವೃತ್ತಿಪರರ ಜೊತೆ ಶಾಲಾ ಮಕ್ಕಳೂ ನುಡಿಸುತ್ತಾರೆ. ವಯಲಿನ್ ಪಾರ್ಟ್‌ಗಳೇ (ವಾದಕರ ಕೈಗೆ ಕೊಡುವ ಸ್ವರಪುಟಗಳು) ಬೇರೆ ಬೇರೆ ಮಟ್ಟದಲ್ಲಿವೆ. ತೀರಾ ಹೊಸಬರಿಗೆ ಬೆರಳಿಡದ ಖಾಲಿ ತಂತಿಯ ಸ್ವರಗಳೇ ಹೆಚ್ಚು. ಮಳೆಹನಿಯ ಸದ್ದಿಗೆ ಬ್ರಿಟನ್ ಬಳಸಿದ್ದು ದಾರದಲ್ಲಿ ನೇತುಹಾಕಿದ ಚಹಾ ಕಪ್ಪುಗಳನ್ನು. ಮಕ್ಕಳಿಗೆ ಏನು ಬರುತ್ತದೆ ಎಂಬುದರಿಂದಲೇ ಕಟ್ಟಿದ ಸಂಗೀತ ಅದು.

ಬೆಂಗಳೂರು, ಮೈಸೂರಿನಂಥ ಊರಿನ ತಂಡವಾದರೆ ಇನ್ನೊಂದು ಮಾತು. ನಮ್ಮಲ್ಲಿ ಎರಡೂ ಪದ್ಧತಿಯ ವಯಲಿನ್ ಕಲಿತ ಮಕ್ಕಳು ಸಿಗುತ್ತಾರೆ. ಕರ್ನಾಟಕ ಸಂಗೀತದಲ್ಲಿ ನೆಲದ ಮೇಲೆ ಕೂತು, ತಂತಿಗಳನ್ನು ಸ-ಪ-ಸ-ಪ ಶ್ರುತಿ ಮಾಡಿ ನುಡಿಸುತ್ತಾರೆ. ಆರ್ಕೆಸ್ಟ್ರಾದಲ್ಲಿ ಶ್ರುತಿಯೂ ಬೇರೆ, ಕೂರುವ ರೀತಿಯೂ ಬೇರೆ. ಹೊರಗಿನ ಸಂಯೋಜಕರಿಗೆ ಇದು ಗೊತ್ತಿರಲಿಕ್ಕಿಲ್ಲ, ತಿಳಿಸಿ. ಮಿಶ್ರಛಾಪು ತಾಳ ಹಾಕಿ ಬೆಳೆದ ಮಕ್ಕಳಿಗೆ ಏಳರ ಎಣಿಕೆ ಕಷ್ಟವೇ ಅಲ್ಲ ಅಂತಲೂ ತಿಳಿಸಿ.

2. ಸಂಗೀತ ಕಛೇರಿಯ ದಿನದಿಂದ ಹಿಂದಕ್ಕೆ ಎಣಿಸಿ

ಕಛೇರಿ ಡಿಸೆಂಬರ್‌ನಲ್ಲಿ ಅಂದುಕೊಳ್ಳಿ. ವಾರಕ್ಕೊಂದು ರಿಹರ್ಸಲ್ ಆದರೆ ಸೆಪ್ಟೆಂಬರ್‌ನಲ್ಲಿ ಪಾರ್ಟ್‌ಗಳು ಮಕ್ಕಳ ಕೈಯಲ್ಲಿರಬೇಕು. ಜುಲೈ ಕೊನೆಗೆ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರ ಒಟ್ಟಿಗಿರುವ ಪ್ರತಿ, ತಂಡವನ್ನು ನಡೆಸುವ ಕಂಡಕ್ಟರ್ ಮೇಜಿನ ಮೇಲೆ. ಬರೆಯುವವರಿಗೆ ಕನಿಷ್ಠ ನಾಲ್ಕು ತಿಂಗಳು. ಅಂದರೆ ಆಯ್ಕೆ ಮಾರ್ಚ್‌ಗೆ ಮುಗಿಯಬೇಕು, ಪ್ರಕಟಣೆ ಹಿಂದಿನ ನವೆಂಬರ್‌ನಲ್ಲೇ ಹೊರಡಬೇಕು. ಪರೀಕ್ಷೆಯ ತಿಂಗಳುಗಳನ್ನು ಮರೆಯಬೇಡಿ. ಅವಧಿ ಐದರಿಂದ ಎಂಟು ನಿಮಿಷ ಸಾಕು. ಅದಕ್ಕಿಂತ ಉದ್ದವಾದರೆ ರಿಹರ್ಸಲ್‌ನ ಸಮಯವನ್ನೆಲ್ಲ ಅದೇ ನುಂಗುತ್ತದೆ.

3. ಹಣ ಮತ್ತು ಹಕ್ಕು ಮೊದಲೇ ಹೇಳಿ

ಸಂಭಾವನೆ ಎಷ್ಟು, ಪಾರ್ಟ್ ಮುದ್ರಣದ ಖರ್ಚು ಯಾರದು, ಪ್ರಯಾಣ ಮತ್ತು ವಸತಿ ಯಾರು ಕೊಡುತ್ತಾರೆ, ಎಲ್ಲ ಪ್ರಕಟಣೆಯಲ್ಲೇ ಇರಲಿ. ‘ಅವಕಾಶ ಕೊಡುತ್ತಿದ್ದೇವಲ್ಲ’ ಎಂದು ಸುಮ್ನೆ ಬರೆಸಿಕೊಳ್ಳುವುದು ಸರಿಯಲ್ಲ. ಅರ್ಜಿ ಶುಲ್ಕವನ್ನಂತೂ ಇಡಲೇಬೇಡಿ.

ಹಣಕ್ಕೆ ಊರಿನ ಸಂಗೀತಪ್ರಿಯರನ್ನು ಕೇಳಲು ಸಂಕೋಚ ಬೇಡ. 1950ರಲ್ಲಿ ಲಂಡನ್ನಿನಲ್ಲಿ ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದಾಗ ಅದರ ಖರ್ಚಿಗೆ ಬೆನ್ನಿಗೆ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು. ಹೊಸ ಸಂಗೀತಕ್ಕೆ ಹಣ ಹಾಕುವುದು ನಮ್ಮ ನಾಡಿಗೆ ಹೊಸತಲ್ಲ.

ಕೃತಿಸ್ವಾಮ್ಯ ಬರೆದವರದ್ದೇ ಆಗಿರಲಿ. ಮೊದಲ ಪ್ರದರ್ಶನದ ಹಕ್ಕು, ಒಂದು ವರ್ಷ ಬೇರೆಯವರು ನುಡಿಸದ ಹಾಗೆ ಒಪ್ಪಂದ, ದಾಖಲೆಗೆ ಧ್ವನಿಮುದ್ರಣ: ನಿಮಗೆ ಇಷ್ಟು ಸಾಕು. ವಿಡಿಯೊ ಹಾಕುವುದಾದರೆ ಮಕ್ಕಳ ತಂದೆ ತಾಯಿಯ ಒಪ್ಪಿಗೆ ಪತ್ರವನ್ನೂ ಈಗಲೇ ತೆಗೆದುಕೊಳ್ಳಿ.

4. ಎಲ್ಲರಿಂದಲೂ ಇಡೀ ಕೃತಿ ಕೇಳಬೇಡಿ

ಐವತ್ತು ಜನ ತಿಂಗಳುಗಟ್ಟಲೆ ಕೂತು ಬರೆದು, ಒಬ್ಬರದ್ದು ಮಾತ್ರ ನುಡಿಸಿದರೆ ಉಳಿದವರ ಶ್ರಮ ನೀರುಪಾಲು. ಮೊದಲು ಅವರ ಹಳೆಯ ಎರಡು ಸ್ಕೋರ್ ಮತ್ತು ಒಂದು ಪುಟದ ಯೋಚನೆ ಕೇಳಿ. ಆರಿಸಿದವರಿಗೆ ಹಣ ಕೊಟ್ಟು ಬರೆಸಿ.

ಹೆಸರು ನೋಡದೆ ಆರಿಸುವುದಾದರೆ ಪ್ರತಿ ಅರ್ಜಿಗೂ ಒಂದು ಸಂಖ್ಯೆ ಕೊಡಿ. ಸ್ಕೋರ್‌ನ ಮೊದಲ ಪುಟದಲ್ಲಿ ಹೆಸರು ಅಳಿಸಿದರೆ ಸಾಲದು. ಫೈಲಿನ ಹೆಸರಿನಲ್ಲಿ, ಪಿಡಿಎಫ್‌ನ ವಿವರಗಳಲ್ಲಿ, ಪುಟದ ಅಡಿಯ ಕಾಪಿರೈಟ್ ಸಾಲಿನಲ್ಲೂ ಅದು ಅಡಗಿರುತ್ತದೆ. ತೀರ್ಪುಗಾರರ ಕೈಗೆ ಕೊಡುವ ಮೊದಲು ಬೇರೆಯವರೊಬ್ಬರು ಎಲ್ಲ ತೆರೆದು ನೋಡಲಿ.

5. ತೀರ್ಪುಗಾರರಲ್ಲಿ ಒಬ್ಬ ಮೇಷ್ಟ್ರು ಇರಲಿ

ಕಂಡಕ್ಟರ್, ಒಬ್ಬ ಸಂಯೋಜಕ, ಜೊತೆಗೆ ಆ ಮಕ್ಕಳಿಗೇ ವಾದ್ಯ ಕಲಿಸುವ ಒಬ್ಬರು. ಈ ಮೂರನೆಯವರನ್ನು ಬಿಡಲೇಬಾರದು. ಕಂಪ್ಯೂಟರ್‌ನಲ್ಲಿ ಮಾಡಿದ ಮಾದರಿ ಧ್ವನಿ ಕೇಳಲು ಚಂದ ಇರುತ್ತದೆ, ಆದರೆ ಅದು ಮೋಸವನ್ನೂ ಮಾಡುತ್ತದೆ. ಕಂಪ್ಯೂಟರ್‌ನ ಫ್ಲೂಟ್ ಉಸಿರು ತೆಗೆದುಕೊಳ್ಳುವುದಿಲ್ಲ. ಅದರ ಟ್ರಂಪೆಟ್‌ನ ತುಟಿ ಸೋಲುವುದಿಲ್ಲ. ಈ ಸಾಲು ಹದಿನಾಲ್ಕರ ಹುಡುಗಿಗೆ ಆಗುತ್ತಾ ಅಂತ ಸ್ಕೋರ್ ನೋಡಿಯೇ ಹೇಳಬಲ್ಲವರು ಮೇಷ್ಟ್ರು. ವಯೋಲಾದವರಿಗೆ, ಮೂರನೇ ಕ್ಲಾರಿನೆಟ್‌ಗೆ ಏನಾದರೂ ಮಜಾ ಇದೆಯಾ ಅಂತಲೂ ಅವರೇ ನೋಡಲಿ. ಎಂಟು ನಿಮಿಷ ಒಂದೇ ಸ್ವರ ಎಳೆಯುವ ಮಗು ಹೊಸ ಸಂಗೀತವನ್ನು ಯಾಕೆ ಪ್ರೀತಿಸಬೇಕು?

6. ಕರಡನ್ನು ಒಮ್ಮೆ ನುಡಿಸಿ ನೋಡಿ

ಬರವಣಿಗೆ ಅರ್ಧ ಆದಾಗ ಅರ್ಧ ಗಂಟೆ ತಂಡದಿಂದ ನುಡಿಸಿ ನೋಡಿ. ಸಂಯೋಜಕರು ಎದುರಿಗಿರಲಿ, ಇಲ್ಲವೇ ವಿಡಿಯೊ ಕರೆಯಲ್ಲಿರಲಿ. ಯಾವುದು ಕೇಳಿಸಲಿಲ್ಲ, ಎಲ್ಲಿ ಎಡವಿದರು ಅಂತ ಮಕ್ಕಳೇ ಹೇಳಲಿ. ತಿದ್ದಲು ಆಮೇಲೆ ಸಮಯ ಕೊಡಿ.

ಪಾರ್ಟ್‌ಗಳಲ್ಲಿ ಬಾರ್ ಸಂಖ್ಯೆ, ಅಂದರೆ ತಾಳದ ಎಷ್ಟನೇ ಸುತ್ತು ಎಂಬ ಗುರುತು, ಇರಬೇಕು. ಪುಟ ತಿರುಗಿಸುವ ಜಾಗದಲ್ಲಿ ವಿರಾಮ ಇರಬೇಕು. ಬಹಳ ಹೊತ್ತು ಸುಮ್ಮನಿರುವವರಿಗೆ ಪಕ್ಕದವರ ಸಾಲನ್ನು ಸಣ್ಣ ಅಕ್ಷರದಲ್ಲಿ ಬರೆದಿರಬೇಕು. ಇವನ್ನು ನಿಯಮದಲ್ಲೇ ಸೇರಿಸಿ.

7. ಕಛೇರಿಯ ನಂತರ

ಆಯ್ಕೆಯಾಗದವರಿಗೆ ಹೇಳಿದ ದಿನದೊಳಗೆ ಉತ್ತರ ಹೋಗಿರಬೇಕು. ಸಾಧ್ಯವಾದರೆ ಅವರ ಸ್ಕೋರ್ ಬಗ್ಗೆ ಒಂದೆರಡು ಸಾಲೂ ಬರೆಯಿರಿ. ಧ್ವನಿಮುದ್ರಣವನ್ನು ವಾರದೊಳಗೆ ಸಂಯೋಜಕರಿಗೆ ತಲುಪಿಸಿ. ಮುಂದಿನ ಅರ್ಜಿಗೆ ಅವರಿಗೆ ಅದು ಬೇಕಾಗುತ್ತದೆ. ಪಾರ್ಟ್‌ಗಳಲ್ಲಿ ಪೆನ್ಸಿಲ್‌ನಲ್ಲಿ ಮಾಡಿದ ತಿದ್ದುಪಡಿಗಳನ್ನೂ ಸ್ಕ್ಯಾನ್ ಮಾಡಿ ಕಳಿಸಿ. ಒಂದು ವರ್ಷದ ಒಪ್ಪಂದ ಮುಗಿದ ಮೇಲೆ ಬೇರೆ ಊರಿನ ತಂಡಗಳಿಗೆ ಕೃತಿಯ ವಿಷಯ ತಿಳಿಸಿ, ಸಂಯೋಜಕರ ವಿಳಾಸವನ್ನು ಅವರ ಒಪ್ಪಿಗೆ ಪಡೆದು ಕೊಡಿ.