ಆಲ್ತಾ ವೆರಾಪಾಸ್‌ನಲ್ಲಿ ಕರೆಂಟಿಲ್ಲದ ಮನೇಲಿ ಉಳ್ಕೊಂಡಿದ್ದು: ನನ್ನ ಅನುಭವ

ಮಧ್ಯ ಅಮೆರಿಕದ ಗ್ವಾಟೆಮಾಲಾಗೆ ನನ್ನನ್ನ ಎಳ್ಕೊಂಡ್ ಹೋಗಿದ್ದು ಏಲಕ್ಕಿ. ನಾವು ಸಕಲೇಶಪುರದ ಕಡೆಯವರು, ರೇಟು ಬಿದ್ದಾಗೆಲ್ಲ ಮನೇಲಿ ಆ ದೇಶಕ್ಕೆ ಬೈಗುಳ ಬೀಳೋದು ಕೇಳ್ಕೊಂಡೇ ಬೆಳ್ದಿದ್ದು, ಯಾಕಂದ್ರೆ ಎಕ್ಸ್‌ಪೋರ್ಟ್‌ನಲ್ಲಿ ಅವರೇ ನಂಬರ್ ಒನ್. ಬೆಳೆ ಜಾಸ್ತಿ ಇರೋದು ಅಲ್ಲಿನ ಒಂದು ಪ್ರಾಂತ್ಯವಾದ ಆಲ್ತಾ ವೆರಾಪಾಸ್‌ನಲ್ಲಿ, ಅಲ್ಲಿರೋರು ಹೆಚ್ಚಾಗಿ ಕೆಕ್ಚಿ ಮಾಯಾ ಅನ್ನೋ ಮೂಲನಿವಾಸಿ ಜನ.

ರಾಜಧಾನಿಯಿಂದ ಆ ಪ್ರಾಂತ್ಯದ ದೊಡ್ಡ ಊರು ಕೋಬಾನ್‌ಗೆ ಬಸ್ಸಲ್ಲಿ ಐದಾರು ಗಂಟೆ, ಅಲ್ಲಿಂದ ಮೈಕ್ರೊಬಸ್ಸು, ಆಮೇಲೆ ಪಿಕಪ್ ಹಿಂದೆ ನಿಂತ್ಕೊಂಡು, ಕೊನೆಗೆ ಕೆಸರಲ್ಲಿ ನಡಿಗೆ. ಗಂಬೂಟು ಕೋಬಾನ್ ಮಾರ್ಕೆಟ್ಟಲ್ಲೇ ತಗೊಂಡ್ಬಿಡಿ. ಎಟಿಎಂ ಕೂಡ ಅಲ್ಲಿಗೇ ಮುಗೀತು, ಸಣ್ಣ ಸಣ್ಣ ಕೆತ್ಸಾಲ್ (ಅಲ್ಲಿನ ದುಡ್ಡು) ನೋಟು ಮಾಡಿಸ್ಕೊಂಡೇ ಹೊರಡಿ. ನಾನು ಊಟ-ವಸತಿ ದುಡ್ಡು ಮೊದಲೇ ಮಾತಾಡ್ಕೊಂಡು ಮನೆಯೊಡತಿ ಕೈಗೇ ಕೊಟ್ಟೆ, ಜೊತೆಗೆ ಸಕ್ಕರೆ, ಉಪ್ಪು, ಸೋಪು ಒಯ್ದಿದ್ದೆ. ಮಕ್ಕಳಿಗೆ ಚಾಕ್ಲೇಟ್ ಹಂಚೋ ಟೂರಿಸ್ಟ್ ಚಟ ನನಗಂತೂ ಹಿಡಿಸಲ್ಲ.

ಮನೆ ಅಂದ್ರೆ ಹಲಗೆ ಗೋಡೆ, ತಗಡಿನ ಚಾವಣಿ, ಮಣ್ಣಿನ ನೆಲ. ಕುಡಿಯೋ ನೀರು ಪೂರ್ತಿ ತಗಡಿಂದ ಟ್ಯಾಂಕಿಗೆ ಇಳಿಯೋ ಮಳೆನೀರೇ, ಹಾಗಾಗಿ ಸ್ನಾನಕ್ಕೆ ಅವ್ರು ಎಷ್ಟು ಕೊಡ್ತಾರೋ ಅಷ್ಟರಲ್ಲೇ ಮುಗಿಸ್ಬೇಕು. ನಾನು ಕುಡಿಯೋಕೆ ಫಿಲ್ಟರ್ ಬಾಟಲಿ ಇಟ್ಕೊಂಡಿದ್ದೆ. ಸಣ್ಣ ಸೋಲಾರ್ ಪ್ಯಾನೆಲ್ ಒಂದಿತ್ತು, ಒಂದು ಬಲ್ಬು ಮತ್ತೆ ಮನೆಯವರ ಫೋನಿಗೇ ಅದು ಸರಿಹೋಗ್ತಿತ್ತು, ನಮ್ಮ ಫೋನನ್ನೂ ಅದಕ್ಕೆ ಸಿಗಿಸೋಕೆ ಹೋಗ್ಬಾರ್ದು, ಪವರ್‌ಬ್ಯಾಂಕು ಹೆಡ್‌ಲ್ಯಾಂಪು ಇದ್ರೆ ಸಾಕು. ಕತ್ತಲಾದ್ರೆ ಮಲ್ಗೋದೇ.

ಮನೆ ನಡೆಯೋದೇ ಜೋಳದ ಟೈಮಿಗೆ. ರಾತ್ರಿ ಮೆಕ್ಕೆಜೋಳಾನ ಸುಣ್ಣ ಹಾಕಿ ಬೇಯಿಸಿ ಹಾಗೇ ಬಿಡ್ತಾರೆ, ಬೆಳಕು ಹರಿಯೋಕೆ ಮುಂಚೆ ಎದ್ದು ಸಿಪ್ಪೆ ಹೋಗೋ ತನಕ ತೊಳೆದು, ಕೈಗಿರಣಿಲಿ ಬೀಸಿ, ಮತ್ತೆ ಕಲ್ಲಮೇಲೆ ಅರೀತಾರೆ. ಸುಣ್ಣ ಹಾಕಿದ್ರೇನೇ ಸಿಪ್ಪೆ ಬಿಡೋದು, ಹಿಟ್ಟು ಒಟ್ಟಿಗೆ ನಿಲ್ಲೋದು, ಜೋಳದಲ್ಲಿರೋ ನಿಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತೋದೂ ಹಾಗೇನೇ. ಎಣ್ಣೆ ಹಾಕಿದ ಕಟ್ಟಿಗೆ ಥರ ಭಗ್ ಅಂತ ಹತ್ಕೊಳ್ಳೋ ಪೈನ್ ಚೂರು, ಓಕೋತೆ ಅಂತಾರೆ, ಅದ್ರಲ್ಲಿ ಒಲೆ ಹಚ್ಚಿ, ಹಂಚಿನ ಮೇಲೆ ತೊರ್ತಿಯಾ (ಅವರ ಜೋಳದ ರೊಟ್ಟಿ) ಸುಡ್ತಾರೆ. ನಾನೂ ತಟ್ಟೋಕೆ ಕೂತೆ, ಅಂಚೆಲ್ಲ ಒಡೆದು ನಕ್ಷೆ ಆಯ್ತು, ದೋನ್ಯಾ (ಮನೆಯೊಡತಿನ ಹಾಗೇ ಕರೆಯೋದು) ಮತ್ತವರ ಸೊಸೆ ನಕ್ಕಿದ್ದೇ ನಕ್ಕಿದ್ದು, ಇಬ್ಬರಿಗೂ ಸ್ಪ್ಯಾನಿಷ್ ಅಷ್ಟಕ್ಕಷ್ಟೇ, ಆದ್ರೂ ಅವತ್ತಿಂದ ಅಡುಗೆಮನೇಲಿ ನನಗೊಂದು ಮಣೆ ಖಾಯಂ ಆಯ್ತು.

ಸಸ್ಯಾಹಾರಿಗಳು ಹೆದರ್ಬೇಡಿ. ಕರಿ ಬೀನ್ಸು, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ, ಸೊಪ್ಪು, ನಮ್ಮ ಸೀಮೆಬದನೆ (ಅದರ ತವರೇ ಆ ಕಡೆ), ಒಲೆ ಮೇಲೆ ಹೊಗೆ ಹಿಡಿಸಿದ ಮೆಣಸಿನಕಾಯಿ ಪುಡಿ. ಟರ್ಕಿ ಕೋಳಿ ಸಾರು ಕಾಕ್-ಇಕ್ ಹಬ್ಬಹರಿದಿನಕ್ಕೆ ಮಾಡೋದು, ಅದು ಬೇಡ ಅಂತ ಬಂದ ದಿನಾನೇ ಹೇಳ್ಬಿಟ್ಟಿದ್ದೆ.

ಏಲಕ್ಕಿ ವಿಷ್ಯಕ್ಕೆ ಬಂದ್ರೆ, ತೋಟ ನೋಡಿ ಹೊಟ್ಟೆಕಿಚ್ಚು ಪಡೋಣ ಅಂತ ಹೋದವನು ನಾನು. ಕಡಿದಾದ ಗುಡ್ಡದಲ್ಲಿ ಬುಟ್ಟಿ ಕಟ್ಕೊಂಡು ಬಗ್ಗಿ ಬಗ್ಗಿ ಹಸಿಕಾಯಿ ಕೀಳ್ತಾರೆ, ಒಣಗಿಸೋ ಡ್ರೈಯರ್ ಮನೇಲಿಲ್ಲ, ಕೊಯೋತೆ ಅಂತ ಕರೆಯೋ ದಲ್ಲಾಳಿ ಬಂದು ಹಸಿಯಾಗೇ ತೂಕ ಹಾಕಿ ಒಯ್ತಾನೆ, ಅವನು ಹೇಳಿದ್ದೇ ರೇಟು. ನಮ್ಮನೆ ಬೈಗುಳ ಇವರಿಗೆ ಎಲ್ಲಿಂದ ತಟ್ಟಬೇಕು! ಮಾಲು ಸೌದಿ ಕಡೆ ಹೋಗುತ್ತೆ, ಬೆಳೆದ ಮನೇಲಿ ಒಂದು ಕಾಯೂ ಬಳಸಲ್ಲ. ನಾನು ಕಾಫಿಗೆ ಎರಡು ಕಾಯಿ ಜಜ್ಜಿ ಹಾಕಿ ಕೊಟ್ಟೆ, ಯಜಮಾನರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ರು.

ಫೋಟೋ ಮಾತ್ರ ಕೇಳ್ದೆ ತೆಗೀಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ. 2000ರಲ್ಲಿ ತೋದೋಸ್ ಸಾಂತೋಸ್ ಕುಚುಮತಾನ್ ಅನ್ನೋ ಇನ್ನೊಂದು ಮಾಯಾ ಊರಲ್ಲಿ ಮಕ್ಕಳ ಕಳ್ಳರ ಗಾಳಿಸುದ್ದಿ ಎದ್ದು ಜಪಾನಿನ ಟೂರಿಸ್ಟ್ ಒಬ್ಬರನ್ನೂ ಬಸ್ ಡ್ರೈವರನ್ನೂ ಗುಂಪು ಕೊಂದೇಬಿಡ್ತು. 1996ರ ತನಕ 36 ವರ್ಷ ಅಂತರ್ಯುದ್ಧ ಕಂಡ ಜನ, ಹೊರಗಿನವರನ್ನ ನಂಬೋಕೆ ಟೈಮ್ ಬೇಕು. ನಾನು ಹೊರಡೋ ದಿನ ಕೇಳಿ ತೆಗ್ದೆ, ಕೋಬಾನ್‌ನಲ್ಲಿ ಪ್ರಿಂಟ್ ಹಾಕಿಸಿ ಆ ಕಡೆ ಹೋಗೋ ಪಿಕಪ್ಪಿನವರ ಕೈಲಿ ಕಳಿಸ್ದೆ.