ಹಳೇ ತೊಲೆ, ಕೊಟ್ಟಿಗೆ ಮ್ಯಾಟ್, ಒಂದು ಟ್ಯಾಂಕರ್ ನೀರು: ಗದಗಿನಲ್ಲಿ ಸ್ಟೀಪಲ್‌ಚೇಸ್ ಕಲಿಸಿದ ನನ್ನ ಅನುಭವ

ಈ ಸಲದ ಅಂತರ ಕಾಲೇಜು ಕೂಟದಲ್ಲಿ 3,000 ಮೀಟರ್ ಸ್ಟೀಪಲ್‌ಚೇಸ್‌ನ ಎರಡೂ ಚಿನ್ನ ನಮ್ಮ ಕಾಲೇಜಿಗೇ ಬಂದವು. ಹುಡುಗರಲ್ಲಿ ಬೆಳ್ಳಿಯೂ ನಮ್ಮದೇ. ಗೊತ್ತಿಲ್ಲದವರಿಗೆ: ಅಲುಗದ ಅಡ್ಡ ತೊಲೆಗಳನ್ನು (ಬ್ಯಾರಿಯರ್) ದಾಟುತ್ತಾ, ನಡುನಡುವೆ ತೊಲೆ ಆಚೆಯ ನೀರಿನ ಗುಂಡಿಯನ್ನೂ (ವಾಟರ್ ಜಂಪ್) ಜಿಗಿಯುತ್ತಾ ಓಡುವ ಓಟ ಇದು. ಅವತ್ತಿನಿಂದ ಬೇರೆ ಕಾಲೇಜಿನ ಪಿ.ಡಿ.ಗಳ (ದೈಹಿಕ ಶಿಕ್ಷಣ ನಿರ್ದೇಶಕರ) ಫೋನ್ ನಿಂತಿಲ್ಲ. ಎಲ್ಲರೂ ಕೇಳುವುದು ಒಂದೇ: "ಗದಗಿನ್ಯಾಗ ವಾಟರ್ ಜಂಪ್ ಎಲ್ಲೈತ್ರೀ ಸರ?" ಒಬ್ಬೊಬ್ಬರಿಗೂ ಮೊದಲಿಂದ ಹೇಳುತ್ತಾ ಕೂರುವ ಬದಲು ಬರೆದೇಬಿಡುತ್ತೇನೆ.

ಎಂಟು ವರ್ಷದ ಹಿಂದೆ ನಾನು ಈ ಈವೆಂಟ್ ಹಿಡಿದಾಗ ಇದೇ ಮಂದಿ ಬೇಡ ಅಂದಿದ್ದರು. ಟ್ರ್ಯಾಕ್ ಇಲ್ಲ, ಬ್ಯಾರಿಯರ್ ಇಲ್ಲ, ನೀರಂತೂ ಇಲ್ಲವೇ ಇಲ್ಲ, ಸುಮ್ನೆ ಮಕ್ಕಳ ಮೊಣಕಾಲು ಮುರಿಯುತ್ತೀರಿ ಅಂತ ಒಬ್ಬ ಹಿರಿಯ ಪಿ.ಡಿ. ಎಲ್ಲರೆದುರು ಹೇಳಿದರು. ನನ್ನ ಲೆಕ್ಕ ಬೇರೆ ಇತ್ತು. ನೂರು ಮೀಟರಿಗೆ ಹೀಟ್ಸ್ (ಅರ್ಹತಾ ಸುತ್ತು) ಮೇಲೆ ಹೀಟ್ಸ್ ಓಡಿಸಬೇಕಾಗುತ್ತದೆ. ಸ್ಟೀಪಲ್‌ಚೇಸ್‌ಗೆ ಬರುವುದು ಐದಾರು ಎಂಟ್ರಿ. ಅದರಲ್ಲಿ ಅರ್ಧ ಮಂದಿ ವಾಟರ್ ಜಂಪ್ ನೋಡುವುದೇ ಕೂಟದ ದಿನ. ಅಲ್ಲಿ ತಯಾರಾಗಿ ಹೋದವನಿಗೆ ಜಾಗ ಇದೆ.

ಹುಡುಗರನ್ನು ಎಲ್ಲಿಂದ ತರೋದು ಅಂದರೆ, ತರಬೇಕಾಗಿಯೇ ಇಲ್ಲ. ರೋಣ, ನರೇಗಲ್ಲ, ಮುಂಡರಗಿ ಕಡೆ ಬೆಳಗಿನ ಐದು ಗಂಟೆಗೆ ಹೋಗಿ ನೋಡಿ. ಪೊಲೀಸ್ ಭರ್ತಿಗೆ, ಸೈನ್ಯದ ಭರ್ತಿಗೆ ಡಾಂಬರ್ ರಸ್ತೆ ಮೇಲೆ ಹುಡುಗರು ಓಡುತ್ತಿರುತ್ತಾರೆ. ಕಾನ್‌ಸ್ಟೆಬಲ್ ಪರೀಕ್ಷೆಗೆ 1,600 ಮೀಟರ್ ಆರೂವರೆ ನಿಮಿಷದಲ್ಲಿ ಮುಗಿಸಿದರೆ ಸಾಕು. ಐದು ನಿಮಿಷದ ಆಸುಪಾಸು ಓಡುವವರು ಪ್ರತಿ ಊರಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರಲ್ಲಿ ದಮ್ಮು ಇದೆ, ಸ್ಪೀಡ್ ಕಮ್ಮಿ. ಫ್ಲ್ಯಾಟ್ (ಜಿಗಿತ ಇಲ್ಲದ ಬರೀ ಓಟ) 1,500 ಮೀಟರಿಗೆ ಇಳಿಸಿದರೆ ಕೊನೇ 200ರಲ್ಲಿ ಹೊಡೆಸಿಕೊಳ್ಳುತ್ತಾರೆ. ಸ್ಟೀಪಲ್‌ಚೇಸ್ ಇಂಥವರ ಈವೆಂಟು. ನಮ್ಮ ದೇಶಕ್ಕೆ ಈ ಓಟ ಓಡಿದವರನ್ನೇ ನೋಡಿ: ಅವಿನಾಶ್ ಸಾಬ್ಳೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯವರು, ಲಲಿತಾ ಬಾಬರ್ ಸಾತಾರಾ ಜಿಲ್ಲೆಯ ಮಾಣ್ ತಾಲೂಕಿನವರು. ಎರಡೂ ನಮ್ಮಂಥದೇ ಮಳೆ ಕಮ್ಮಿ ಇರುವ ಒಣ ಸೀಮೆ. ಲಲಿತಾ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಫೈನಲ್ ಓಡಿದರು. ಸಾಬ್ಳೆ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಕೀನ್ಯಾದವನ ಹಿಂದೆ ಬರೀ 0.05 ಸೆಕೆಂಡಿನಲ್ಲಿ ಬೆಳ್ಳಿ ತಂದರು. ಆ ರೇಸನ್ನು ನನ್ನ ಮಕ್ಕಳಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ಕೊನೇ ಲ್ಯಾಪಿನಲ್ಲಿ ಅವರ ಕಾಲು ಎಲ್ಲಿ ಬೀಳುತ್ತದೆ ಅಂತ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತೇನೆ.

ನನ್ನ ವಿಧಾನ ನಿಂತಿರುವುದು ಒಂದೇ ಲೆಕ್ಕದ ಮೇಲೆ. ಫ್ಲ್ಯಾಟ್ 3,000ದ ಟೈಮಿಗೂ ಸ್ಟೀಪಲ್‌ಚೇಸ್ ಟೈಮಿಗೂ ಇರುವ ಗ್ಯಾಪ್. ಒಟ್ಟು ಜಿಗಿತ 35: ಬ್ಯಾರಿಯರ್ 28, ನೀರು 7. ನಮ್ಮ ಮೊದಲ ಹುಡುಗ ಫ್ಲ್ಯಾಟ್ 9 ನಿಮಿಷ 15ರ ಹತ್ತಿರ ಓಡುತ್ತಿದ್ದ. ಸ್ಟೀಪಲ್‌ಚೇಸ್‌ಗೆ ಇಳಿದರೆ 10:40. ಅಂದರೆ ಪ್ರತಿ ಜಿಗಿತಕ್ಕೆ ಹತ್ತಿರ ಹತ್ತಿರ ಎರಡೂವರೆ ಸೆಕೆಂಡ್ ಹೋಗುತ್ತಿತ್ತು. ಎಲ್ಲರೂ ಅವನ ಫ್ಲ್ಯಾಟ್ ಟೈಮ್ ಇಳಿಸಿ ಅಂದರು. ನಾನು ಗ್ಯಾಪ್ ಇಳಿಸುತ್ತೇನೆ ಅಂದೆ. ಫ್ಲ್ಯಾಟ್‌ನಲ್ಲಿ 30 ಸೆಕೆಂಡ್ ಇಳಿಸೋಕೆ ಎರಡು ವರ್ಷ ಬೇಕು, ಜಿಗಿತಕ್ಕೆ ಒಂದು ಸೆಕೆಂಡ್ ಉಳಿಸಿದರೆ 35 ಸೆಕೆಂಡ್ ಒಂದೇ ಸೀಸನ್ನಿನಲ್ಲಿ ಕೈಗೆ ಬರುತ್ತದೆ. ಈ ಸಲ ಚಿನ್ನ ಗೆದ್ದವನ ಫ್ಲ್ಯಾಟ್ ಟೈಮ್ 9:10 ಅಷ್ಟೇ. ಸ್ಟೀಪಲ್‌ಚೇಸ್ ಓಡಿದ್ದು 9:50ರ ಒಳಗೆ. ನಮ್ಮ ಭಾಗದ ಕಾಲೇಜು ಮಟ್ಟದಲ್ಲಿ 40 ಸೆಕೆಂಡ್ ಗ್ಯಾಪ್ ಯಾರ ಹತ್ತಿರ ಇದೆ ತೋರಿಸಿ, ನೋಡೋಣ.

ಇನ್ನು ಸಾಮಾನಿನ ಕಥೆ. ದುಡ್ಡು ಹೋಗಿದ್ದೇ ಇಲ್ಲಿ.

ಮೊದಲ ಬ್ಯಾರಿಯರ್ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಿಂದ ಮಾಡಿಸಿದೆ. ಹಗುರ ಇತ್ತು, ಕಾಲಿಟ್ಟರೆ ಪಲ್ಟಿ ಹೊಡೆಯುತ್ತಿತ್ತು. ದುಂಡಗಿನ ಪೈಪ್ ಮೇಲೆ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಶೂ) ನಿಲ್ಲುವುದೂ ಇಲ್ಲ. ಮುಂಗಾಲಿನ ಚರ್ಮ ಸುಲಿಯಿತು. ಆಮೇಲೆ ನೀಲಗಿರಿ ಕಂಬ. ಒಂದೇ ಬೇಸಿಗೆಗೆ ಉದ್ದಕ್ಕೆ ಸೀಳು ಬಿಟ್ಟು ಬಾಗಿತು. ಎರಡೂ ಸೇರಿ ಹದಿನೈದು ಸಾವಿರದಷ್ಟು ಹೋಯಿತು, ಅಷ್ಟೂ ನನ್ನ ಕೈಯದ್ದು. ಕಂಪನಿ ಬ್ಯಾರಿಯರ್ ಸೆಟ್ಟಿನ ಕೊಟೇಶನ್ ತರಿಸಿ ಕಾಲೇಜಿಗೆ ಕೊಟ್ಟೆ. ಆ ಕಾಗದ ಇವತ್ತಿಗೂ ಫೈಲಿನಲ್ಲೇ ಇದೆ.

ದಾರಿ ತೋರಿಸಿದ್ದು ಬೆಟಗೇರಿಯಲ್ಲಿ ಕೆಡವುತ್ತಿದ್ದ ಒಂದು ಹಳೇ ಮಾಳಿಗೆ ಮನೆ. ಅದರ ತೊಲೆ, ಜಂತಿ ಎಲ್ಲ ಹೊರಗೆ ಒಟ್ಟಿದ್ದರು. ನೂರು ವರ್ಷ ಮಣ್ಣಿನ ಮಾಳಿಗೆ ಹೊತ್ತ ತೊಲೆ. ಇನ್ನು ಅದು ಬಾಗುವುದೂ ಇಲ್ಲ, ಸೀಳುವುದೂ ಇಲ್ಲ. ನಿಯಮದ ಪ್ರಕಾರ ಮೇಲಿನ ಮರ 12.7 ಸೆಂಟಿಮೀಟರ್ ಚೌಕ ಇರಬೇಕು, ಅಂದರೆ ಐದಿಂಚು. ತೊಲೆಯನ್ನು ಸಾ ಮಿಲ್ಲಿಗೆ ಒಯ್ದು ಆ ಅಳತೆಗೆ ಕೊಯ್ಯಿಸಿದೆ. ಕೆಳಗೆ ಆ್ಯಂಗಲ್ ಕಬ್ಬಿಣದ ಕಾಲು. ಎತ್ತರ ಬದಲಿಸಲು ತೂತು ಎರಡು ಕಡೆ: ಹುಡುಗರಿಗೆ 91.4 ಸೆಂಟಿಮೀಟರ್, ಹುಡುಗಿಯರಿಗೆ 76.2. ಒಂದೊಂದಕ್ಕೆ ಮೂರೂವರೆ ಸಾವಿರದ ಒಳಗೇ ಮುಗಿಯಿತು. ನಾಲ್ಕು ಜನ ಹಿಡಿದರೆ ಮಾತ್ರ ಏಳುತ್ತದೆ. ಹಂಗೇ ಇರಬೇಕು. ಹರ್ಡಲ್ಸ್ ಆದರೆ ಕಾಲು ತಗುಲಿದರೆ ತಾನೇ ಬೀಳುತ್ತದೆ, ಇದಕ್ಕೆ ತಗುಲಿದರೆ ಬೀಳುವವನು ಓಡುವವನು. ಆ ಭಯ ಮೊದಲ ವಾರವೇ ಹೋಗಬೇಕು. ಮರದ ಮೇಲ್ಮೈಗೆ ನಾನು ಏನು ಮಾಡಿದ್ದೇನೆ, ಸ್ಪೈಕ್ಸ್ ಜಾರದೇ ಹೆಂಗೆ ಕಚ್ಚುತ್ತದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನೀರಿನ ಗುಂಡಿ ಇದಕ್ಕಿಂತ ಜಾಸ್ತಿ ಕಾಡಿತು. ನಮ್ಮ ಮೈದಾನ ಎರೆ (ಕಪ್ಪು) ಮಣ್ಣು. ಇಟ್ಟಿಗೆ ಕಟ್ಟಿ, ಸಿಮೆಂಟ್ ಹಾಕಿಸಿದ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿತ್ತು. ಏಪ್ರಿಲ್ ಬಂತು, ನೆಲ ಬಿರಿಯಿತು, ಜೊತೆಗೆ ಗುಂಡಿಯೂ ಬಿರಿಯಿತು. ಬಿರುಕಿನಲ್ಲಿ ಅಂಗೈ ಹೋಗುತ್ತಿತ್ತು. ಆಗ ಒಬ್ಬ ಹಳೇ ವಿದ್ಯಾರ್ಥಿಯ ತಂದೆ ಊರಾಚೆಯ ತಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದ ಒಂದು ಮೂಲೆ ಬಿಟ್ಟುಕೊಟ್ಟರು. ಅಲ್ಲಿ ಕೃಷಿ ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಒಂದೇ ಬೆಳಗಿಗೆ ಸ್ಪೈಕ್ಸ್ ಅದನ್ನು ಜರಡಿ ಮಾಡಿತು. ಮೂರನೇದು ನಿಂತಿತು: ಕೆಳಗೆ ಒಂದು ಅಡಿ ಗರಸು (ಜಲ್ಲಿ ಮಣ್ಣು) ಬಡಿದು ಕೂರಿಸಿ, ಮೇಲೆ ಫರಸಿ ಕಲ್ಲಿನ ಒರಟು ಮೈ ಮೇಲಾಗುವಂತೆ ಇಳಿಜಾರು ಹಾಸು, ಸಂದಿಗೆ ಸಿಮೆಂಟ್, ಅದರ ಮೇಲೆ ಆಕಳ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್. ಮ್ಯಾಟಿನ ಗೀರು ಇರುವ ಮೈ ಮೇಲೆ ಬರಬೇಕು. ಅಳತೆ ಉದ್ದ ಅಗಲ ಎರಡೂ 3.66 ಮೀಟರ್. ಬ್ಯಾರಿಯರ್ ಬುಡದಲ್ಲಿ ಅರ್ಧ ಮೀಟರ್ ಆಳ, ಅಲ್ಲಿಂದ ಏರುತ್ತಾ ಆ ಕಡೆ ನೆಲಕ್ಕೆ ಸಮ. ಮೂರೂವರೆ ಸಾವಿರ ಲೀಟರ್ ಹಿಡಿಯುತ್ತದೆ, ಟ್ರ್ಯಾಕ್ಟರ್ ಟ್ಯಾಂಕರ್ ಒಂದು ಸಾಕು. ಕೆಲಸಕ್ಕೆ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಆಯಿತು. ಅರ್ಧ ಹಳೇ ವಿದ್ಯಾರ್ಥಿಗಳು ಕೊಟ್ಟರು. ಸೈನ್ಯದಲ್ಲಿರುವ ಒಬ್ಬ ಹುಡುಗ ತನ್ನ ಮೊದಲ ಪಗಾರದಲ್ಲಿ ಮ್ಯಾಟಿನ ಹಣ ಕಳಿಸಿದ.

ನೀರಿನ ಮಾತು ಬಂತು. ಗದಗ-ಬೆಟಗೇರಿಯಲ್ಲಿ ಬೇಸಿಗೆಗೆ ನಲ್ಲಿ ನೀರಿಗೆ ಎಷ್ಟು ದಿನ ಕಾಯಬೇಕು ಅಂತ ಎಲ್ಲರಿಗೂ ಗೊತ್ತು. "ಮಂದಿಗೆ ಕುಡಿಯಾಕ ನೀರಿಲ್ಲ, ಇವ್ರು ನೀರಾಗ ಜಿಗದಾಡ್ತಾರ" ಅಂದವರಿದ್ದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಅದಕ್ಕೇ ನೀರು ತುಂಬುವುದು ಜೂನ್ ಆದ ಮೇಲೆ ಮಾತ್ರ. ಸೊಳ್ಳೆ ಆಗುತ್ತದೆ ಅಂತ ಕಾಲೇಜಿನಿಂದ ತಕರಾರು ಬಂದಾಗ ವಾರಕ್ಕೊಮ್ಮೆ ಗುಂಡಿ ಖಾಲಿ ಮಾಡಿ ಒಣಗಿಸುವ ಪದ್ಧತಿ ಮಾಡಿದೆವು. ಆ ನೀರು ಹೊಲದವರ ನಿಂಬೆ ಗಿಡಕ್ಕೆ. ಅವರು ಈಗ ಟ್ಯಾಂಕರಿನ ಅರ್ಧ ಬಾಡಿಗೆ ತಾವೇ ಕೊಡುತ್ತಾರೆ.

ಜಿಗಿತದ ವಿಷಯಕ್ಕೆ ಬರೋಣ. ಹೊಸಬರು ಮಾಡುವುದು ಒಂದೇ: ಬ್ಯಾರಿಯರ್ ಕಂಡ ಕೂಡಲೇ ಹೆಜ್ಜೆ ಚಿಕ್ಕದಾಗುತ್ತದೆ, ಮೈ ನೆಟ್ಟಗಾಗುತ್ತದೆ. ಬೇಕಾಗಿರುವುದು ಇದರ ಉಲ್ಟಾ. ಹದಿನೈದು ಮೀಟರ್ ಇರುವಾಗಲೇ ವೇಗ ಏರಬೇಕು. ಈ ಸಲ ಗೆದ್ದ ಹುಡುಗಿಯ ವಾಟರ್ ಜಂಪ್ ಹತ್ತಿರದಿಂದ ನೋಡಬೇಕು. ಪಾದದ ನಡುಭಾಗ ತೊಲೆಯ ಈಚೆ ಅಂಚಿಗೆ ಕೂರುತ್ತದೆ, ಬೆರಳು ಆಚೆ ಅಂಚಿನ ಮೇಲೆ ಬಾಗುತ್ತದೆ. ಮೊಣಕಾಲು ಮಡಚೇ ಇರುತ್ತದೆ, ಸೊಂಟ ಮೇಲೇಳುವುದಿಲ್ಲ. ಸೊಂಟ ತೊಲೆ ದಾಟಿದ ಮೇಲೆಯೇ ತೊಲೆ ಮೇಲಿನ ಕಾಲು ತಳ್ಳುತ್ತದೆ. ತಳ್ಳುವುದು ಮುಂದಕ್ಕೆ, ಮೇಲಕ್ಕಲ್ಲ. ಗುಂಡಿಯ ಆ ಕೊನೆಗೆ ಒಂದು ಗೇಣು, ಎರಡು ಗೇಣು ಇರುವಾಗ ಒಂದೇ ಕಾಲು ನೀರಿಗೆ ಬೀಳುತ್ತದೆ, ಹಿಮ್ಮಡಿ ಮುಳುಗುವಷ್ಟು ನೀರು. ಮರು ಹೆಜ್ಜೆ ಒಣ ನೆಲ. ಎರಡೂ ಕಾಲು ಕೂಡಿ ನೀರಿಗೆ ಬಿದ್ದರೆ ಅಲ್ಲೇ ಎರಡು ಸೆಕೆಂಡ್ ಹೋಯಿತು, ಶೂ ತುಂಬ ನೀರು ಬೇರೆ.

ಎಡ, ಬಲ ಯಾವ ಕಾಲಿನಿಂದಾದರೂ ಜಿಗಿಯಲು ಬರಬೇಕು. ಗುಂಪಿನಲ್ಲಿ ಓಡುವಾಗ ಹೆಜ್ಜೆ ಎಣಿಸೋಕೆ ಆಗಲ್ಲ. ಇದಕ್ಕೆ ನಾನು ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ ಸಾಲಾಗಿ ಇಡುತ್ತೇನೆ. ನಡುವಿನ ಅಂತರ ಒಂದರಂತೆ ಒಂದಿರುವುದಿಲ್ಲ, ದಿನಾ ಬದಲಾಗುತ್ತದೆ. ಮತ್ತೆ, ಬ್ಯಾರಿಯರ್ ಕೆಲಸ ನಾನು ಮಾಡಿಸುವುದು ಇಂಟರ್ವಲ್ಸ್ (ನಡುವೆ ಬಿಡುವು ಕೊಟ್ಟು ಓಡುವ ಜೋರು ಓಟ) ಮುಗಿದ ಮೇಲೆ, ಕಾಲು ಸೋತಾಗ. ಎಲ್ಲರೂ ತಾಜಾ ಕಾಲಿನಲ್ಲಿ ಮಾಡಿಸುತ್ತಾರೆ. ರೇಸಿನಲ್ಲಿ ಆರನೇ ಲ್ಯಾಪಿಗೆ ತಾಜಾ ಕಾಲು ಯಾರಿಗಿರುತ್ತದೆ? ಮೊಣಕಾಲು ಮುರಿಯುತ್ತದೆ ಅಂದಿದ್ದರಲ್ಲ, ಮೊಣಕಾಲಿನ ದೊಡ್ಡ ಪೆಟ್ಟು ಇದುವರೆಗೆ ಒಂದೂ ಆಗಿಲ್ಲ. ಶಿನ್ (ಮುಂಗಾಲಿನ ಎಲುಬು) ನೋವು ಬಂದಿದೆ, ಅದು ಡಾಂಬರಿನಿಂದ ಬಂದದ್ದು. ಡಾಂಬರ್ ಬಿಡಿಸಿ ಮಸಾರಿ ದಾರಿಗೆ ಹಾಕಿದ ಮೇಲೆ ಹೋಯಿತು.

ಬೇರೆ ಪ್ರಯೋಗಗಳನ್ನೂ ಮಾಡಿ ನೋಡಿದ್ದೇನೆ. ಕೊರ್ಲಹಳ್ಳಿ ಹತ್ತಿರ ತುಂಗಭದ್ರೆಯ ಉಸುಕಿನಲ್ಲಿ ಲ್ಯಾಂಡಿಂಗ್ ಮಾಡಿಸಿದೆ. ಕಾಲಿಗೆ ಬಲ ಬಂತು, ಲ್ಯಾಂಡಿಂಗ್ ಬರಲಿಲ್ಲ. ಉಸುಕು ಪಾದ ಹಿಡಿಯುತ್ತದೆ, ನೀರಿನ ಕೆಳಗೆ ಗಟ್ಟಿ ನೆಲ ಇರುತ್ತದೆ. ಎರಡೂ ಬೇರೆಯೇ. ಗದಗಿನಲ್ಲಿ ಸೈಕ್ಲಿಂಗ್ ಹುಡುಗರಿಗೆ ಬರವಿಲ್ಲವಲ್ಲ, ಇಬ್ಬರನ್ನು ಈ ಕಡೆ ಎಳೆದು ನೋಡಿದೆ. ದಮ್ಮು ಭರ್ಜರಿ, ಆದರೆ ತೊಡೆ ಬಿಗಿ, ಹಿಂದಿನ ಕಾಲು ಬ್ಯಾರಿಯರ್ ಮೇಲೆ ತೆರೆಯುವುದೇ ಇಲ್ಲ. ಡೋಣಿ ಕಡೆ ಕಪ್ಪತಗುಡ್ಡದ ಏರಿನಲ್ಲಿ ಹಿಲ್ ರಿಪೀಟ್ಸ್ (ಅದೇ ಏರನ್ನು ಮತ್ತೆ ಮತ್ತೆ ಓಡುವುದು) ಮಾತ್ರ ಕೈ ಹಿಡಿಯಿತು. ಮಳೆಗಾಲದಲ್ಲಿ ಅಲ್ಲಿಯ ಗಾಳಿಗೆ ಎದುರಾಗಿ ಓಡಿದವನಿಗೆ ಟ್ರ್ಯಾಕಿನ ಗಾಳಿ ಏನೂ ಅಲ್ಲ.

ಎಲ್ಲಕ್ಕಿಂತ ಜಾಸ್ತಿ ಲಾಭ ಕೊಟ್ಟಿದ್ದು ಹುಡುಗಿಯರ ರಕ್ತ ಪರೀಕ್ಷೆ. ಒಂದು ವರ್ಷ ಎಲ್ಲರದ್ದೂ ಮಾಡಿಸಿದೆ. 12 ಇರಬೇಕಾದ ಹಿಮೋಗ್ಲೋಬಿನ್ ಹೆಚ್ಚಿನವರಿಗೆ ಒಂಬತ್ತು, ಹತ್ತು. ಇಂಥವರನ್ನು "ಸೋಮಾರಿ" ಅಂತ ಎಷ್ಟು ಮೈದಾನಗಳಲ್ಲಿ ಬೈದು ಮನೆಗೆ ಕಳಿಸಿದ್ದಾರೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಡಾಕ್ಟರ್ ಬರೆದ ಐರನ್ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಊಟದ ಜೊತೆ ಚಹಾ ಬಿಡಿಸಿದೆ, ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟ ಮನೆಯದ್ದೇ: ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೇಲೊಂದು ನಿಂಬೆಹಣ್ಣು. ಮೂರು ತಿಂಗಳಿಗೆ ಒಬ್ಬಳ ಫ್ಲ್ಯಾಟ್ ಟೈಮ್ ಅರ್ಧ ನಿಮಿಷ ಇಳಿಯಿತು, ಟ್ರೇನಿಂಗ್ ಏನೂ ಬದಲಾಯಿಸಿರಲಿಲ್ಲ. ಈ ಸಲ ಚಿನ್ನ ಗೆದ್ದವಳು ಅವಳೇ. 11:45ರ ಸುಮಾರು ಓಡಿದಳು.

ಕಷ್ಟ ಇನ್ನೂ ಇವೆ. ಆಗಸ್ಟಿನಲ್ಲಿ ಹೆಸರುಕಾಯಿ ಬಿಡಿಸಲು ಅರ್ಧ ತಂಡ ಊರಿಗೆ ಹೋಗುತ್ತದೆ. ನಾನು ತಡೆಯುವುದಿಲ್ಲ, ಮನೆಗೆ ರೊಕ್ಕ ಬರುವ ಕಾಲ ಅದು. ಹೊಲದಲ್ಲಿ ಬಗ್ಗಿ ಕೆಲಸ ಮಾಡಿ ಬಂದವರಿಗೆ ಒಂದು ವಾರ ಬರೀ ನಿಧಾನ ಓಟ. ಸ್ಪೈಕ್ಸ್ ಜೋಡಿಗೆ ಎರಡೂವರೆ, ಮೂರು ಸಾವಿರ. ನೀರಿಗೆ ಬಿದ್ದು ಒಂದೇ ಸೀಸನ್ನಿಗೆ ಬಾಯಿ ಬಿಡುತ್ತವೆ. ಕೂಟಕ್ಕೆ ಮುಂಚೆ ಧಾರವಾಡದ ಸಿಂಥೆಟಿಕ್ ಟ್ರ್ಯಾಕಿಗೆ ಒಂದೆರಡು ಸಲ ಕರೆದೊಯ್ಯಲೇಬೇಕು, ಬಸ್ಸಿನ ಖರ್ಚು ಕೈಯಿಂದಲೇ. ಎರಡು ವರ್ಷದ ಹಿಂದೆ ನಮ್ಮ ಅತ್ಯುತ್ತಮ ಹುಡುಗನನ್ನು ಹೊರ ಜಿಲ್ಲೆಯ ದೊಡ್ಡ ಕಾಲೇಜೊಂದು ಪುಕ್ಕಟೆ ಹಾಸ್ಟೆಲ್ ಕೊಟ್ಟು ಕರೆದುಕೊಂಡಿತು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಅವನು ಓಡಿದ್ದು ಅವರ ಬನಿಯನ್ ತೊಟ್ಟು. ಜಿಗಿದದ್ದು ಮಾತ್ರ ಬೆಟಗೇರಿಯ ತೊಲೆ ಮೇಲೆ ಕಲಿತ ಜಿಗಿತ. ರೇಸ್ ಮುಗಿದ ಕೂಡಲೇ ಫೋನ್ ಮಾಡಿದ, "ಸರ್ರ, ಏಳೂ ನೀರು ಒಂದs ಕಾಲಾಗ ದಾಟಿದೆ ರೀ" ಅಂದ.

ಈ ಸಲ ಗೆದ್ದ ಇಬ್ಬರೂ ಮುಂದಿನ ಕೂಟಕ್ಕೆ ಹೊರಟಿದ್ದಾರೆ. ಹುಡುಗನಿಂದ 9:35, ಹುಡುಗಿಯಿಂದ 11:20 ತೆಗೆಸಬೇಕು ಅಂತ ಇದೆ. ಕೂಟದ ಕೊನೇ ಆರು ವಾರದ ಶೆಡ್ಯೂಲ್ ಕೇಳಬೇಡಿ, ಅವರಿಬ್ಬರು ಓಡಿ ಬರುವವರೆಗೆ ಅದನ್ನು ಯಾರಿಗೂ ಕೊಡುವುದಿಲ್ಲ. ಗುಂಡಿಯ ಅಳತೆ, ಬ್ಯಾರಿಯರ್ ಡ್ರಾಯಿಂಗ್ ಯಾರಿಗೆ ಬೇಕಾದರೂ ಕೊಡುತ್ತೇನೆ. ನೋಡಬೇಕು ಅನ್ನುವವರು ಮಕ್ಕಳನ್ನು ಕರೆದುಕೊಂಡೇ ಬನ್ನಿ, ಒಂದು ಜೊತೆ ಒಣ ಸಾಕ್ಸ್ ಜಾಸ್ತಿ ಇರಲಿ. ಹೊಲದ ದಾರಿ ನಡುವೆ ಒಂದು ಫರ್ಲಾಂಗ್ ಎರೆ ನೆಲ ದಾಟಬೇಕು. ಮಳೆ ಬಿದ್ದ ಮರುದಿನ ಅಲ್ಲಿ ಬೈಕ್ ಬರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ.